ಬಟಾಣಿಯ ಮುಖ ನೋಡಿ ಹಾಕಿದ ಉಪ್ಪು

ಗುರುವಾರ, ಮಧ್ಯಾಹ್ನ
ಅಕ್ಕನ ಮನೆಯಿಂದ

ಹೋಟೆಲಿನ ಹಿರಿಯ ಬಾಣಸಿಗರಿಗೆ, ಅಂದರೆ ನನ್ನ ಗಂಡನಿಗೆ,

ನಾನೂ ಮಗುವೂ ಇಲ್ಲಿ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುತ್ತೀರಿ.

ನಾನು ಮನೆ ಬಿಟ್ಟು ಬಂದು ಇಂದಿಗೆ ಹನ್ನೊಂದು ದಿನ. ದಿನಾ ತಪ್ಪದೆ ಅಕ್ಕನ ಹೊಲಿಗೆ ಅಂಗಡಿಗೆ ಊಟದ ಕ್ಯಾರಿಯರ್ ಕಳಿಸಿದ್ದೀರಿ. ಒಂದು ಚೀಟಿ ಕಳಿಸಿಲ್ಲ. ದೊಡ್ಡವರಪ್ಪಾ! ಬಾಯಿಬಿಟ್ಟು ವಾಪಸ್ ಬಾ ಅಂದರೆ ತಲೆಯ ಮೇಲಿನ ಬಿಳಿ ಟೋಪಿ ಜಾರಿ ಬೀಳುತ್ತದೇನೋ. ಕ್ಯಾರಿಯರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಓದಿಕೊಳ್ಳಿ. ನಾನು ಕೆಲಸ ಮಾಡುವ ಔಷಧಿ ಅಂಗಡಿಯವರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ. ಅದನ್ನು ನೋಡಿಕೊಳ್ಳಲು ನನ್ನನ್ನು ಕರೆದಿದ್ದಾರೆ. ಇರಲು ಅಂಗಡಿಯ ಮೇಲೆಯೇ ಎರಡು ಕೋಣೆ ಕೊಡುತ್ತಾರಂತೆ. ಸೋಮವಾರ ಬೆಳಿಗ್ಗೆ ನಾನು ಹೂಂ ಅಥವಾ ಊಹೂಂ ಅನ್ನಬೇಕು. ಹೂಂ ಅಂದರೆ ಮಗುವೂ ನನ್ನ ಜೊತೆ ಬರುತ್ತಾಳೆ.

ಮದುವೆಯಾದ ಮೂರು ವರ್ಷವೂ ನಿಮ್ಮ ತಾತ್ಸಾರವನ್ನೇ ನೆಂಚಿಕೊಂಡು ಉಂಡಿದ್ದೇನೆ. ಬೇಳೆ ಬೇಯಿಸಿದರೆ ಇದೇನು ಆಸ್ಪತ್ರೆ ಊಟಾನಾ ಅಂತ ಕೇಳುತ್ತಿದ್ದಿರಿ. ಪಲ್ಯ ಮಾಡಿದರೆ ಈ ತರಕಾರಿ ನಿನಗೇನು ಅನ್ಯಾಯ ಮಾಡಿತ್ತೇ ಅನ್ನುತ್ತಿದ್ದಿರಿ. ಉಪ್ಪನ್ನು ಅಳತೆ ಚಮಚದಲ್ಲಿ ಅಳೆದು ಹಾಕುವುದನ್ನು ಕಂಡ ದಿನದಿಂದ ನನ್ನ ಹೆಸರೇ ಔಷಧಿ ಅಂಗಡಿ ಆಯಿತು. ಅಡುಗೆ ಅಂದ್ರೆ ಮಾತ್ರೆ ಎಣಿಸೋದಲ್ಲ ಕಣೆ, ನಾಲಿಗೆಗೆ ಗೊತ್ತಿರಬೇಕು ಅಂತ ಅಕ್ಕನ ಎದುರಿಗೇ ಹೇಳಿ ನಕ್ಕಿರಿ. ಇನ್ನು ನೀವು ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, ತಲೆ ಆಡಿಸುವ ವೈಖರಿಯೇನು! ದೇಶಕ್ಕೆ ಹೊಸ ಕಾನೂನು ಬರೆಯುತ್ತಿದ್ದಾರೆ ಅನ್ನಬೇಕು.

ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆಗೆಲ್ಲ ಬಯ್ಯುತ್ತ ಬಯ್ಯುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದಿರಿ. ತೊಳೆಯಲು ಎತ್ತಿಕೊಂಡರೆ ತಟ್ಟೆಯಲ್ಲಿ ಒಂದು ಅಗುಳೂ ಇರುತ್ತಿರಲಿಲ್ಲ. ಅದಕ್ಕೇ ನಾನು ಆ ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇದನ್ನು ಓದಿ ಮೀಸೆ ತಿರುವಬೇಡಿ.

ನಾಲ್ಕು ತಿಂಗಳ ಹಿಂದೆ ನಿಮಗೆ ಜ್ವರ ಬಂತಲ್ಲ, ಮೂಗು ಕಟ್ಟಿಕೊಂಡು ಒಂದು ವಾರ ಮಲಗಿದಿರಲ್ಲ, ಅಲ್ಲಿಂದ ಎಲ್ಲ ಕೆಟ್ಟಿತು. ಒಂದು ತುತ್ತು ತಿಂದು ತಟ್ಟೆ ತಳ್ಳತೊಡಗಿದಿರಿ. ಒಂದು ದಿನ ಸಪ್ಪೆ, ಮರುದಿನ ಉಪ್ಪು. ನಾನೋ ಅಳೆದು ಹಾಕುವವಳು. ನಿನ್ನೆಯ ಅದೇ ಚಮಚ ಇವತ್ತು ಹೇಗೆ ಜಾಸ್ತಿಯಾಯಿತು ಅಂತ ತಲೆ ಕೆಡಿಸಿಕೊಂಡೆ. ಅಷ್ಟರಲ್ಲಿ ಆ ಚಮಚವೇ ಕಳೆದುಹೋಯಿತು. ಮಗು ಕಿಟಕಿಯಿಂದ ಎಸೆದಿರಬೇಕು ಅಂದೆ. ಹೌದೌದು, ನಾನೇ ಕಣ್ಣಾರೆ ನೋಡಿದೆ ಅಂದಿರಿ. ಆ ಮಾತು ಜ್ಞಾಪಕವಿಟ್ಟುಕೊಳ್ಳಿ.

ಅದೇ ಹೊತ್ತಿಗೆ ನಿಮಗೆ ಮಗಳ ಮೇಲೆ ಪ್ರೀತಿ ಉಕ್ಕಿ ಬಂತು. ಹೋಟೆಲಿನ ಮಧ್ಯಾಹ್ನದ ಊಟ ಮುಗಿಸಿ, ಸರಿಯಾಗಿ ಮೂರು ಗಂಟೆಗೆ, ಮುಚ್ಚಳದ ಬಟ್ಟಲು ಹಿಡಿದು ಮನೆಗೆ ಬರತೊಡಗಿದಿರಿ. ಬಟಾಣಿಯನ್ನು, ಅಂದರೆ ಹುಟ್ಟಿದ ದಿನ ಅಂಗೈಯಲ್ಲಿ ಎತ್ತಿಕೊಂಡು ಬಟಾಣಿಯಷ್ಟೇ ಇದ್ದಾಳಲ್ಲೇ ಎಂದು ನೀವೇ ಹೆಸರಿಟ್ಟ ಆ ಮಗುವನ್ನು, ಅಡುಗೆಮನೆ ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಚಮಚದ ತುದಿ ನೆಕ್ಕಿಸಿ ಅವಳ ಮುಖವನ್ನೇ ನೋಡುತ್ತಿದ್ದಿರಿ. ಬಟ್ಟಲಲ್ಲಿ ಏನು ಅಂದರೆ ಬರೀ ಬೆಂದ ಕ್ಯಾರೆಟ್ ಅಂದಿರಿ. ನಾನು ಎಂಥ ದಡ್ಡಿ! ಎಷ್ಟು ಗಂಡಸರು ಹೀಗೆ ಮೊಣಕಾಲೂರಿ ಮಗುವಿಗೆ ಉಣ್ಣಿಸುತ್ತಾರೆ ಹೇಳು ಅಂತ ಅಕ್ಕನ ಹತ್ತಿರ ಕೊಚ್ಚಿಕೊಂಡೆ. ನೀವು ಉಣ್ಣಿಸುವ ಹೊತ್ತಿನಲ್ಲಿ ನಿಶ್ಚಿಂತೆಯಿಂದ ಮಾಳಿಗೆಗೆ ಹೋಗಿ ಬಟ್ಟೆ ಮಡಚುತ್ತಿದ್ದೆ.

ಮಗುವಿನ ಹೊಟ್ಟೆ ಕೆಟ್ಟಿತು. ಬಾಯಿಯ ಸುತ್ತ ಕೆಂಪಗೆ ಎದ್ದಿತು. ಎಂಟು ತಿಂಗಳ ಕೂಸು ನೀರಿನ ಲೋಟ ಕಂಡರೆ ಎರಡೂ ಕೈ ಚಾಚುತ್ತಿತ್ತು. ವೈದ್ಯೆ ಉಪ್ಪು ಖಾರ ಏನಾದ್ರೂ ಕೊಡ್ತಿದೀರಾ ಅಂತ ಕೇಳಿದರು. ಇಲ್ಲವೇ ಇಲ್ಲ ಅಂದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡ್ತೀರಿ, ಇಷ್ಟೂ ಗೊತ್ತಾಗಲ್ವೇನ್ರೀ ಅಂತ ಎಲ್ಲರೆದುರು ನನ್ನ ಮಾನ ಹರಾಜು ಹಾಕಿದರು. ನೀವು ಪಕ್ಕದಲ್ಲೇ ನಿಂತು ಗೋಡೆಯ ಮೇಲಿನ ತೂಕದ ಪಟ್ಟಿ ಓದುತ್ತಿದ್ದಿರಿ.

ನಾನು ಮನೆ ಬಿಟ್ಟ ಆ ಭಾನುವಾರಕ್ಕೆ ಬರೋಣ. ಬೆಳಿಗ್ಗೆ ಆಲೂಗಡ್ಡೆ ಪಲ್ಯ ಮಾಡಿದೆ. ಬಟಾಣಿಯ ಪಾಲನ್ನು ತೆಗೆದಿಟ್ಟು ಉಳಿದದ್ದಕ್ಕೆ ಉಪ್ಪು ಹಾಕಬೇಕು, ಅಷ್ಟರಲ್ಲಿ ಅವಳು ಅತ್ತಳು, ನಾನು ಮರೆತೆ. ನೀವು ಒಂದು ತುತ್ತು ಬಾಯಿಗಿಟ್ಟು, ಉಪ್ಪಿನ ಚೀಲಾನೇ ಸುರಿದಿದೀಯಲ್ಲೇ ಅಂತ ಕೂಗಿ ಕೆಲಸಕ್ಕೆ ಹೊರಟುಹೋದಿರಿ. ನಾನು ತಿಂದು ನೋಡಿದರೆ ಒಂದು ಹರಳು ಉಪ್ಪಿಲ್ಲ. ಮೈಯೆಲ್ಲ ಉರಿದುಹೋಯಿತು. ಬಾಯಿಗಿಟ್ಟದ್ದರ ರುಚಿ ಸಹ ಗಮನಿಸದೆ ಬಯ್ಯುವಷ್ಟು ಕಡೆಯಾದೆನಲ್ಲ ಅನ್ನಿಸಿತು.

ಮೂರು ಗಂಟೆಗೆ ನೀವು ಬಟ್ಟಲು ಹಿಡಿದು ಬಂದಾಗಲೂ ಆ ಉರಿ ಆರಿರಲಿಲ್ಲ, ಅವತ್ತು ಮಾಳಿಗೆಯಿಂದ ಬೇಗ ಇಳಿದು ಬಂದೆ. ಬಟ್ಟಲಲ್ಲಿ ಕ್ಯಾರೆಟ್ ಇರಲಿಲ್ಲ. ಎಣ್ಣೆ ತೇಲುತ್ತಿದ್ದ ಮೆಣಸಿನ ಸೂಪು ಇತ್ತು. ನೀವು ಒಂದು ಚಮಚ ಕೊಡುತ್ತೀರಿ, ಅವಳು ಮೂಗು ಸುಕ್ಕಿಸುತ್ತಾಳೆ. ನೀವು ಸ್ವಲ್ಪ ಬಿಸಿನೀರು ಬೆರೆಸುತ್ತೀರಿ, ಮತ್ತೆ ಕೊಡುತ್ತೀರಿ. ಮಗುವಿನ ಕಣ್ಣಲ್ಲಿ ನೀರು ಧಾರಾಕಾರ. ಇದೊಂದೇ ಕಂದ, ಇದೊಂದೇ ಅಂತ ನೀವು ಗೋಗರೆಯುತ್ತಿದ್ದಿರಿ. ಏನ್ರೀ ಇದು ಅಂತ ಕಿರುಚಿದೆ. ಮಗಳ ನಾಲಿಗೆ ಪಳಗಿಸ್ತಿದೀನಿ, ನಿನ್ ಥರ ಆಗಬಾರದಲ್ಲ ಅಂದಿರಿ. ಥೂ! ಕೈಯಲ್ಲಿದ್ದ ಬಟ್ಟೆಯನ್ನೇ ಗಂಟು ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಬಂದುಬಿಟ್ಟೆ.

ಅವಸರದಲ್ಲಿ, ನೀವು ಕುರ್ಚಿಯ ಮೇಲೆ ಕಳಚಿಟ್ಟಿದ್ದ ಬಿಳಿ ಕೋಟೂ ಆ ಗಂಟಿನಲ್ಲಿ ಸೇರಿಕೊಂಡು ಬಂದಿತ್ತು. ಮೊನ್ನೆ ಅಕ್ಕ ಅದರ ಗುಂಡಿ ಹಾಕಲು ಕೂತಳು. ಗುಂಡಿ ಕಿತ್ತ ಬಟ್ಟೆ ಕಂಡರೆ ಅವಳಿಗೆ ಸಮಾಧಾನವಿಲ್ಲ, ಅದು ಎಂಥವನದೇ ಆಗಿರಲಿ. ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಕರವಸ್ತ್ರದಲ್ಲಿ ಸುತ್ತಿದ ನನ್ನ ಅಳತೆ ಚಮಚ! ನಾಲಿಗೆಯ ಮಹಾರಾಜರ ಜೇಬಿನಲ್ಲಿ ಔಷಧಿ ಅಂಗಡಿಯ ಚಮಚ! ಕದ್ದದ್ದು ನೀವು, ಗೂಬೆ ಕೂರಿಸಿದ್ದು ಮಾತು ಬಾರದ ಮಗುವಿನ ಮೇಲೆ, ಅದಕ್ಕೆ ಸಾಕ್ಷಿ ಹೇಳಿದ್ದೂ ನೀವೇ.

ಅದರ ಜೊತೆ ಮಡಚಿದ ಒಂದು ಕಾಗದ. ನಿಮ್ಮ ಕೋಳಿ ಕಾಲಿನ ಅಕ್ಷರ, ಪೆನ್ಸಿಲ್ಲಿನಲ್ಲಿ. ಮೂಗು ಸುಕ್ಕಿಸಿದರೆ ಉಪ್ಪು ಜಾಸ್ತಿ. ನಾಲಿಗೆ ಹೊರಗೆ ಹಾಕಿದರೆ ಹುಳಿ. ಕಣ್ಣು ಪಿಳುಕಿಸಿದರೆ ಖಾರ. ಸುಮ್ಮನೆ ನುಂಗಿದರೆ ಸಪ್ಪೆ. ತಾನಾಗಿ ಮತ್ತೆ ಬಾಯಿ ತೆರೆದರೆ ಸರಿ.

ಅದನ್ನು ಓದಿದ ಮೇಲೆ ಆ ಭಾನುವಾರದ ಪಲ್ಯ ನೆನಪಾಯಿತು. ನೀವು ಕಳಿಸುವ ಕ್ಯಾರಿಯರ್ ನೆನಪಾಯಿತು. ಒಂದು ದಿನ ಸಮುದ್ರದ ನೀರು, ಮರುದಿನ ಮಳೆಯ ನೀರು. ಅಕ್ಕ ಮಾತ್ರ ಪಾಪ ಕಷ್ಟಪಟ್ಟು ಕಳಿಸಿದಾರೆ ಅನ್ನುತ್ತಾ ತಿಂದು, ತಂಬಿಗೆಗಟ್ಟಲೆ ನೀರು ಕುಡಿಯುತ್ತಾಳೆ. ನಿಮಗೆ ರುಚಿ ಗೊತ್ತಾಗುತ್ತಿಲ್ಲ. ಆ ಜ್ವರದಿಂದ ಎದ್ದಾಗಿನಿಂದ ಗೊತ್ತಾಗುತ್ತಿಲ್ಲ. ಹೋಟೆಲಿನ ಸಂಜೆಯ ಹಂಡೆಗೆ ಎಷ್ಟು ಉಪ್ಪು, ಎಷ್ಟು ನೀರು ಅಂತ ದಿನಾ ಮಗುವಿನ ಮುಖ ನೋಡಿಕೊಂಡು ಹೋಗಿ, ನನ್ನ ಚಮಚದಲ್ಲಿ ಅಳೆದು ಹಾಕುತ್ತಿದ್ದಿರಿ.

ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ, ಅಕ್ಕನ ಕತ್ತರಿ ಮೇಜಿಗೆ ತಲೆ ಕೊಟ್ಟು ಚೆನ್ನಾಗಿ ಅತ್ತೆ. ಮುಖ ತೊಳೆದುಕೊಂಡ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಹೋಟೆಲಿನವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ನನಗೆ ಅರ್ಥವಾಗುತ್ತದೆ. ನನಗೆ ಹೇಳಲು ಏನಾಗಿತ್ತು ರೋಗ? ದಿನಾ ಮೂರು ಹೊತ್ತು ಎದುರಿಗೆ ಹೆಂಡತಿ ಕೂತಿದ್ದಳು, ಅವಳಿಗೂ ಒಂದು ನಾಲಿಗೆ ಇತ್ತು. ಆದರೆ ಆಸ್ಪತ್ರೆ ಊಟದವಳನ್ನು ಕೇಳುವುದೇ? ಅದಕ್ಕಿಂತ ಹಲ್ಲು ಬಾರದ ಮಗುವಿನ ಬಾಯಿ ಸುಡುವುದು ಮೇಲು ಅನ್ನಿಸಿತು ನಿಮಗೆ. ನಿಮಗೆ ರುಚಿ ಹೋದದ್ದಕ್ಕೆ ನನಗೆ ಮರುಕವಿದೆ. ಈ ಜಂಭಕ್ಕೆ ಮಾತ್ರ ಅಸಹ್ಯವಾಗುತ್ತದೆ.

ಬಟಾಣಿ ಏನು ಮಾಡುತ್ತಾಳೆ ಗೊತ್ತೇ? ಬೆಂದ ಕುಂಬಳಕಾಯಿ ಕಿವುಚಿ ಬಾಯಿಗಿಟ್ಟರೆ ನುಂಗುವುದಿಲ್ಲ. ತಲೆಯೆತ್ತಿ ನನ್ನನ್ನು ನೋಡುತ್ತಾಳೆ, ಬೇಕೆಂದೇ ಮೂಗು ಸುಕ್ಕಿಸುತ್ತಾಳೆ, ಕಾಯುತ್ತಾಳೆ. ನಾನು ಹತ್ತಿರ ಬಗ್ಗಿ ಅವಳ ಮುಖವನ್ನೇ ನೋಡಬೇಕು. ಆಮೇಲೆಯೇ ನುಂಗುವುದು. ಊಟ ಅಂದರೆ ಯಾರೋ ಉಸಿರು ಬಿಗಿಹಿಡಿದು ತನ್ನನ್ನು ನೋಡುವುದು ಅಂತ ತಿಳಿದುಕೊಂಡಿದ್ದಾಳೆ. ಮೂರು ಗಂಟೆಯಾದರೆ ಬಾಗಿಲ ಕಡೆ ತಿರುಗುತ್ತಾಳೆ. ಇದಕ್ಕೆ ನಾನೇನು ಮಾಡಲಿ ಹೇಳಿ.

ಆ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಚಮಚ ತೋರಿಸೋ ಮೊದಲೇ ನನ್ನ ನೋಡಿ ನಕ್ಕಳು, ಇದು ಲೆಕ್ಕಕ್ಕಿಲ್ಲ ಅಂತ ಬರೆದು, ಲೆಕ್ಕಕ್ಕಿಲ್ಲದ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಆ ಸಾಲು ಇಲ್ಲದಿದ್ದರೆ ನಾನು ನಿಮಗೆ ಪತ್ರ ಬರೆಯುತ್ತಿರಲಿಲ್ಲ. ಇವತ್ತೇ ಹೂಂ ಅಂದುಬಿಡುತ್ತಿದ್ದೆ.

ನಮ್ಮ ಅಂಗಡಿಗೆ ಬರುವ ವೈದ್ಯರೊಬ್ಬರನ್ನು, ಯಾರದೆಂದು ಹೇಳದೆ, ವಿಚಾರಿಸಿದೆ. ಕೆಲವರಿಗೆ ರುಚಿ ತಾನಾಗಿಯೇ ಮರಳುತ್ತದಂತೆ, ಕೆಲವರಿಗೆ ಇಲ್ಲವಂತೆ, ಹೇಗಿದ್ದರೂ ತೋರಿಸಿಕೊಳ್ಳಬೇಕಂತೆ. ಅಲ್ಲಿಯವರೆಗೆ ಹಂಡೆಗೆ ಒಂದು ನಾಲಿಗೆ ಬೇಕಾದರೆ ನನ್ನದಿದೆ. ಸ್ವಲ್ಪ ಉದ್ದ ಅಂತ ನೀವೇ ಎಷ್ಟೋ ಸಲ ಹೇಳಿದ್ದೀರಿ. ಮಗುವಿನ ಬಾಯಿಗೆ ಮಾತ್ರ ಇನ್ನು ಹೋಟೆಲಿನ ಒಂದು ಹನಿಯೂ ಬೀಳಕೂಡದು. ಮಾಲೀಕರಿಗೆ ಯಾವಾಗ ಹೇಳುತ್ತೀರಿ, ಹೇಗೆ ಹೇಳುತ್ತೀರಿ, ಅದು ನಿಮಗೆ ಬಿಟ್ಟದ್ದು.

ಇಂತಿ,
ಅಳೆದೂ ತೂಗಿ ಬರೆದಿರುವ
ನಿಮ್ಮ ಔಷಧಿ ಅಂಗಡಿ

ಬರೆಯಲು ಉಳಿದದ್ದು: ಅಕ್ಕನ ಕೈಯಲ್ಲಿ ಈ ಪತ್ರದ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಅದೇ ಆಲೂಗಡ್ಡೆ ಪಲ್ಯ. ಅಳತೆ ಚಮಚವನ್ನೂ ಅದರ ಮೇಲೆ ಇಟ್ಟಿದ್ದೇನೆ, ಇನ್ನು ಕದಿಯುವ ಅಗತ್ಯವಿಲ್ಲ. ಪಲ್ಯಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಹೇಳುವುದಿಲ್ಲ. ಭಾನುವಾರ ಮೂರು ಗಂಟೆಗೆ ಬಂದು ನೀವೇ ಹೇಳಬೇಕು. ಉಪ್ಪು ಜಾಸ್ತಿ ಅಂದರೂ, ಸಪ್ಪೆ ಅಂದರೂ, ಹದವಾಗಿದೆ ಅಂದರೂ, ಕೊನೆಗೆ ಉತ್ತರ ಸರಿಯಾಗಿಯೇ ಇದ್ದರೂ, ಸೋಮವಾರ ನಾನು ಹೂಂ ಅನ್ನುತ್ತೇನೆ. ಗೊತ್ತಾಗ್ಲಿಲ್ಲ ಕಣೆ ಅಂತ ಬಾಯಿಬಿಟ್ಟು ಅಂದರೆ ಅವತ್ತೇ ಗಂಟು ಕಟ್ಟಿಕೊಂಡು ನಿಮ್ಮ ಹಿಂದೆ ಬರುತ್ತೇನೆ. ಯಾರಿಗಾದರೂ ತಿನ್ನಿಸಿ ಮುಖ ನೋಡೋಣ ಅಂದುಕೊಂಡರೆ, ಬಟಾಣಿ ನನ್ನ ಹತ್ತಿರ ಇದ್ದಾಳೆ.