ಶಾಂಭವಿಯ ಅಂಗೈ

ಜುಲೈ ೨೦, ೨೦೨೫, ಭಾನುವಾರ. ಕರಜಗಿ

ಬೆಳಿಗ್ಗೆ ಏಳು— ಪಲ್ಲವಿಗೆ ಒಂಬತ್ತು ಮಾತ್ರೆ. ಜ್ವರ ಇಲ್ಲ. ಭೇದಿ ಎರಡು ಸಲ. ಕುದಿಸಿ ಆರಿಸಿದ ನೀರು, ಮೆತ್ತಗಿನ ಅನ್ನ. ಅರ್ಧ ತಿಂದಳು. ಎಂಟು ವರ್ಷ ಮಗಳಿಗೆ, ತೂಕ ಹದಿನಾರು ಕೆ.ಜಿ.

ಹತ್ತಕ್ಕೆ ಜೇವರ್ಗಿಯಿಂದ ವಿಜಯಶ್ರೀ ಫೋನು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪಕ್ಕದ ರೂಮು ಅವರದು. ಫೆಬ್ರವರಿಯಲ್ಲಿ ಒಂದೇ ವಾರ ಇಬ್ಬರು ಹುಡುಗಿಯರಿಗೂ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಹಾಕಿದರು. ಇಬ್ಬರಿಗೂ ಥಲಸೇಮಿಯಾ, ಹುಟ್ಟಿನಿಂದ ಬಂದ ರಕ್ತದ ಕಾಯಿಲೆ; ಇಬ್ಬರಿಗೂ ಸೆಲ್ ಕೊಟ್ಟದ್ದು ಅಣ್ಣಂದಿರೇ. ಅವಳ ಶಾಂಭವಿ ನಗುನಗುತ್ತ ಮನೆಗೆ ಹೋದಳು. ನನ್ನ ಪಲ್ಲವಿಗೆ ಅಣ್ಣ ಕೊಟ್ಟ ಆ ಕಣಗಳೇ ಮೈಮೇಲೆ ತಿರುಗಿಬಿದ್ದವು. ಮೊದಲು ಅಂಗೈ, ಕಿವಿ ಕೆಂಪು, ಉರಿ. ಮೂರನೇ ದಿನಕ್ಕೆ ರಕ್ತಭೇದಿ. ನಲವತ್ತೊಂದು ದಿನ ಆಸ್ಪತ್ರೆ… ಕೆಂಪು ಕಂಡ ದಿನವೇ ಔಷಧಿ ಶುರುವಾದದ್ದಕ್ಕೆ ಉಳಿದಳು ಅಂದರು ಡಾಕ್ಟರು.

"ಶಾಂಭವಿ ಎರಡ ರೊಟ್ಟಿ ತಿಂದಳ್ರೀ ಅಕ್ಕಾ! ಡಾಕ್ಟ್ರು ಮಾತ್ರಿ ಕಮ್ಮಿ ಮಾಡಾಕತ್ತಾರ. ನಿಮ್ಮ ಪಲ್ಲವಿನೂ ಆರಾಮ ಆಗ್ತಾಳ, ಬಿಡ್ರಿ."

ಬಿಡ್ರಿ ಅಂತೆ! ಹೊಟ್ಟೆಕಿಚ್ಚು ನನಗೆ. ಬರೆದೇ ಬಿಟ್ಟೆ. ಯಾರು ನೋಡುತ್ತಾರೆ.

ಜುಲೈ ೨೮, ಸೋಮವಾರ, ಸಂಜೆ

ನಾಳೆ ನಾಗರ ಪಂಚಮಿ. ವಾಟ್ಸಾಪಿನಲ್ಲಿ ವಿಜಯಶ್ರೀ ಫೋಟೋ ಕಳಿಸಿದ್ದಾಳೆ. ಶಾಂಭವಿಯ ಎರಡೂ ಅಂಗೈ ತುಂಬ ಮೆಹಂದಿ. ಹೊಸ ಲಂಗ. ಕ್ಲಿಪ್ ಹಾಕುವಷ್ಟು ಕೂದಲು ಬೇರೆ ಬಂದಿದೆ.

ದೊಡ್ಡದು ಮಾಡಿ ನೋಡಿದೆ. ಬಳ್ಳಿ, ಹೂವಿನ ನಡುವೆ ಬಿಟ್ಟ ಜಾಗವೂ ಕೆಂಪು. ಕಿವಿಯ ಅಂಚೂ ಕೆಂಪು. ನನಗಲ್ಲದೆ ಯಾರಿಗೆ ಗೊತ್ತಾಗಬೇಕು ಇದು!

ಪಲ್ಲವಿ ಹೆಗಲ ಮೇಲಿಂದ ಇಣುಕಿದಳು. "ಅವ್ವಾ, ನನ್ನ ಕೈನೂ ಹಿಂಗೇ ಆಗಿದ್ದುವಲ್ಲ? ಆಂಟಿಗಿ ಹೇಳು."

"ಸುಮ್ಮನಿರು ಬೇ. ಅದು ಮೆಹಂದಿ."

ಅವಳು ಒಳಗೆ ಹೋದ ಮೇಲೆ ಫೋನು ಬಂತು. "ಅಕ್ಕಾ, ಕೈ ಉರಿತಾವ ಅಂತ ಅಳಾಕತ್ತಾಳ್ರೀ. ಮೆಹಂದಿಗೇ ಆಗಿರ್ಬೇಕಲ್ರೀ?"

"ಮೆಹಂದಿಗೇ ಇರ್ಬೇಕು, ಬಿಡ್ರಿ," ಅಂದೆ.

ಜುಲೈ ೨೯, ಪಂಚಮಿ

ಹಬ್ಬದ ಉಂಡಿ ಕಟ್ಟಲಿಲ್ಲ. ಮೂರು ಸಲ ಫೋನು ಕೈಗೆ ತಗೊಂಡೆ. ಇಟ್ಟೆ. ನಾಳೆ ಹೇಳಿದರಾಯಿತು… ಒಂದು ದಿನ ಅವಳೂ ಮಗಳ ರಕ್ತದ ಚಡ್ಡಿ ತೊಳೆಯಲಿ. ಒಂದೇ ದಿನ. ಅಷ್ಟೇ ಬೇಕಿತ್ತು ನನಗೆ. ಥೂ, ಎಂಥ ಹೆಂಗಸು ನಾನು!

ಆಗಸ್ಟ್ ೨, ಶನಿವಾರ

ಮೊನ್ನೆ ಫೋನು ಮಾಡಿದೆ, ನಿನ್ನೆಯೂ ಮಾಡಿದೆ. ಎತ್ತಲಿಲ್ಲ. ಇವತ್ತು ಮಧ್ಯಾಹ್ನ ಅವಳೇ ಮಾಡಿದಳು. ಕಲಬುರಗಿಯ ಆಸ್ಪತ್ರೆಯಿಂದ. ಶಾಂಭವಿ ಐಸಿಯುನಲ್ಲಿ. ಬರೀ ರಕ್ತ ಹೋಗುತ್ತಿದೆಯಂತೆ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ಯಬೇಕು, ಅಲ್ಲಿಯತನಕ ಜೀವ ಹಿಡಿದೀತೋ ಇಲ್ಲವೋ ಎಂದು ಡಾಕ್ಟರೂ ಹೇಳುತ್ತಿಲ್ಲವಂತೆ.

"ಕೆಂಪು ಯಾವಾಗ ಶುರುವಾತು ಅಂತ ಕೇಳಾಕತ್ತಾರ್ರೀ. ಮೆಹಂದಿ ಇತ್ತಲ್ಲ, ನನಗೆಲ್ಲಿ ಕಾಣಬೇಕು? ನೀವು ಫೋಟೋ ನೋಡಿದ್ರಿ. ಕೆಂಪು ಕಂಡಿತ್ತೇನ್ರೀ ಅಕ್ಕಾ?"

ಪಲ್ಲವಿಯ ಕೈಗೆ ಮುಲಾಮು ಹಚ್ಚುತ್ತಿದ್ದೆ, ಅದಕ್ಕೆ ಸ್ಪೀಕರ್ ಹಾಕಿದ್ದೆ.

"ಕಂಡಿತ್ತು ಆಂಟಿ," ಪಲ್ಲವಿ ಅಂದಳು. "ಅವತ್ತೇ ಅವ್ವಗ ಹೇಳಿದ್ನಿ ನಾ."

ವಿಜಯಶ್ರೀ ಬಯ್ಯಲಿಲ್ಲ. ಫೋನೂ ಇಡಲಿಲ್ಲ. "ಅಕ್ಕಾ?" ಅಂದಳು. "ಹೌದ್ರೀ, ಕಂಡಿತ್ತು," ಅಂದೆ ನಾನು.