ಮೂರು ರೇಡಿಯೇಟರ್, ಒಬ್ಬ ಡ್ರೈವರ್

30 ಫೆಬ್ರವರಿ 2131
ರಿಪೇರಿ ಶೆಡ್ಡು, ಗದಗ

ದಾವಲಸಾಬ್ ಮಿಸ್ತ್ರಿಯವರಿಗೆ ಸಲಾಂ.

ಮೇಲಿನ ತಾರೀಖು ನೋಡಿ ಇದು ಯಾರದೋ ಕಿತಾಪತಿ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಯಾಕೆ ಎಂದು ವಿವರಿಸುತ್ತ ಕೂರುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ಬಸ್ ಡಿಪೋದ ದೂರು ಪುಸ್ತಕದಿಂದ. ಡ್ರೈವರುಗಳು ಗಾಡಿ ಒಳಗೆ ಬಿಟ್ಟ ಮೇಲೆ 'ಬ್ರೇಕ್ ಹಿಡಿಯುತ್ತಿಲ್ಲ', 'ಹಾರ್ನ್ ಇಲ್ಲ' ಎಂದು ಬರೆಯುತ್ತಿದ್ದರಲ್ಲ, ನೀವು ಅದರ ಕೆಳಗೆ 'ಸರಿಪಡಿಸಲಾಗಿದೆ' ಎಂದು ಸಹಿ ಹಾಕುತ್ತಿದ್ದಿರಲ್ಲ, ಅದೇ ಉದ್ದನೆಯ ಪುಸ್ತಕ. ಹಾಗಾಗಿ ನನ್ನ ಪತ್ರಕ್ಕೆ ಗ್ರೀಸಿನ ವಾಸನೆ ಬಂದರೆ ಅದರಲ್ಲಿ ನಿಮ್ಮ ತಪ್ಪೂ ಇದೆ.

ನನ್ನ ಹೆಸರು ಗೌರಾ. ನಿಮ್ಮ ಡಿಪೋದ ಡ್ರೈವರ್ ಫಕೀರಪ್ಪನವರ ಮೊಮ್ಮಗಳ ಮೊಮ್ಮಗಳು. ನಿಮ್ಮ ಹಾಗೆ ನಾನೂ ಮಿಸ್ತ್ರಿ. ನಾವು ಇದನ್ನು ಹಿಂದೋಲೆ ಎನ್ನುತ್ತೇವೆ, ಅಂದರೆ ಕಳೆದ ಕಾಲಕ್ಕೆ ಬರೆಯುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನಮ್ಮ ಕಾಲದವರೆಗೆ ಉಳಿದು ಬಂದಿರುವ ಯಾವುದಾದರೂ ಕಾಗದದ ನಡುವೆಯೇ ಅದು ಹೋಗಿ ಸೇರುತ್ತದೆ, ಅದೂ ಹೇಳಿದ ದಿನಕ್ಕಲ್ಲ. ಆರು ತಿಂಗಳು ಹಿಂದೆ ಮುಂದೆ ಆಗಬಹುದು. ಉತ್ತರವಂತೂ ಬರುವುದಿಲ್ಲ. ನನ್ನ ಅಕ್ಕ ತನ್ನ ಓಲೆಯನ್ನು ಹಿಂದಿನ ಕಾಲದ ಒಂದು ಮದುವೆ ತಪ್ಪಿಸಲು ಖರ್ಚು ಮಾಡಿದಳು. ಮದುವೆ ನಡೆದೇ ಹೋಯಿತು. ಅದು ನೆನಪಾದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಶೆಡ್ಡು ಸುತ್ತಿ ಬಂದಿದ್ದೇನೆ.

ನೇರ ವಿಷಯಕ್ಕೆ ಬರುತ್ತೇನೆ. ದೂರು ಪುಸ್ತಕದ ಹನ್ನೊಂದನೆಯ ಪುಟ ತೆಗೆಯಿರಿ. ಫಕೀರಪ್ಪನವರ ಕೈಬರಹ: 'ಇಂಜಿನ್ ಕಾಯುತ್ತದೆ, ದಾರಿಯಲ್ಲಿ ನಾಲ್ಕು ಸಲ ನಿಲ್ಲಿಸಿ ನೀರು ಹಾಕಬೇಕಾಯಿತು.' ನೀವು ಎಲ್ಲೂ ಸೋರಿಕೆ ಕಾಣದಿದ್ದರೂ ರೇಡಿಯೇಟರ್ ಬದಲಿಸಿದಿರಿ. ಇಪ್ಪತ್ತೆರಡು ವರ್ಷ ಒಂದೂ ಅಪಘಾತ ಮಾಡದ ಡ್ರೈವರಿನ ಮಾತನ್ನು ನೀವು ನಂಬಿದಿರಿ. ದೂರು ನಿಲ್ಲಲಿಲ್ಲ, ಅವರಿಗೆ ಬೇರೆ ಗಾಡಿ ಕೊಟ್ಟರು. ಹತ್ತೊಂಬತ್ತನೆಯ ಪುಟದಲ್ಲಿ ಆ ಗಾಡಿಯ ಮೇಲೂ ಅದೇ ದೂರು. ನೀವು ಮತ್ತೊಂದು ರೇಡಿಯೇಟರ್ ಹಾಕಿದಿರಿ. ಇಪ್ಪತ್ತೇಳನೆಯ ಪುಟದಲ್ಲಿ ಮೂರನೆಯ ಗಾಡಿ, ಮೂರನೆಯ ರೇಡಿಯೇಟರ್, ಜೊತೆಗೆ ಹೊಸ ಪೈಪು. ಆ ಮೊದಲಿನ ಎರಡು ಗಾಡಿಗಳನ್ನು ಬೇರೆ ಡ್ರೈವರುಗಳು ಓಡಿಸುತ್ತಿದ್ದಾರೆ, ಅವರು ಒಂದು ಅಕ್ಷರ ಬರೆದಿಲ್ಲ. ನೋಡಿ, ಅಲ್ಲಿ ಇಂಜಿನ್ ತಣ್ಣಗಿದೆ.

ಮಿಸ್ತ್ರಿಯವರೇ, ನೀವೂ ನಾನೂ ದೋಷ ಹುಡುಕುವುದು ಹೇಗೆ? ಅನುಮಾನ ಬಂದ ಸಾಮಾನನ್ನು ಬಿಚ್ಚಿ ಇನ್ನೊಂದು ಗಾಡಿಗೆ ಹಾಕಿ ನೋಡುತ್ತೇವೆ. ದೋಷ ಅದರ ಹಿಂದೆಯೇ ಹೋದರೆ ದೋಷ ಅದರದು. ಇಲ್ಲಿ ದೋಷ ಫಕೀರಪ್ಪನವರ ಹಿಂದೆ ಹೋಗಿದೆ. ಮೂರು ಗಾಡಿ ಬಿಚ್ಚಿದಿರಿ, ಮನುಷ್ಯನನ್ನು ಯಾರೂ ಕೇಳಲಿಲ್ಲ. ಇದನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು. ಆ ಸಿಟ್ಟು ಈಗ ಇಲ್ಲ.

ನಡೆದದ್ದು ಇಷ್ಟು. ಅವರಿಗೆ ಗಂಟೆಗೊಮ್ಮೆ ಮೂತ್ರಕ್ಕೆ ಅವಸರವಾಗುತ್ತಿತ್ತು. ಹೋದರೆ ಹನಿ ಹನಿ. ಬಸ್ಸಿನ ತುಂಬ ಜನ, ಅದರಲ್ಲಿ ಅರ್ಧ ಹೆಂಗಸರು. ಬಾಯಿಬಿಟ್ಟು ಹೇಳುವುದು ಹೇಗೆ? ನೀರಿನ ಕ್ಯಾನು ಹಿಡಿದು ಇಳಿಯುತ್ತಿದ್ದರು, ಬಾನೆಟ್ ಎತ್ತಿ ನಿಲ್ಲಿಸುತ್ತಿದ್ದರು, ಆಮೇಲೆ ಜಾಲಿ ಗಿಡದ ಮರೆಗೆ ಹೋಗುತ್ತಿದ್ದರು. ಕಂಡಕ್ಟರ್ ಗಂಗಯ್ಯ ಒಳಗಿನಿಂದ ಸಮಾಧಾನ ಹೇಳುತ್ತಿದ್ದ: "ರೇಡಿಯೇಟರ್ ಕಾದೈತ್ರಿ, ನೀರ ಹಾಕ್ಕೊಂಡ ಬರ್ತಾರ, ಒಂಚೂರ ಕುಂದರ್ರಿ." ಬಸ್ಸು ತಡವಾಗಿ ಬರುವುದಕ್ಕೆ ಮೇಲಿನವರು ಕಾರಣ ಕೇಳಿದಾಗ ಅದೇ ಸುಳ್ಳು ಪುಸ್ತಕಕ್ಕೆ ಇಳಿಯಿತು.

ಇದೆಲ್ಲ ನನಗೆ ಗೊತ್ತಾದದ್ದು ಅವರ ಹೆಂಡತಿ ನೀಲವ್ವನಿಂದ. ಮುದುಕಿಯಾದ ಮೇಲೆ ಆಕೆ ಮಾತಾಡಿದ್ದನ್ನು ಮೊಮ್ಮಗಳು ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದು ನಮ್ಮ ಮನೆಯಲ್ಲಿ ಇನ್ನೂ ಇದೆ. ಗಂಡ ತೀರಿಕೊಂಡು ಹದಿಮೂರನೆಯ ದಿನ ಗಂಗಯ್ಯ ಬಂದು ಅತ್ತು ಎಲ್ಲ ಹೇಳಿದನಂತೆ. ಆಕೆಯ ಮಾತು ನನಗೆ ಬಾಯಿಪಾಠವಾಗಿದೆ: "ನನಗ ಹೇಳಿದ್ರ ನಾ ಏನ್ ನಗತಿದ್ನೇನು? ಗಾಡಿ ಸರಿ ಇಲ್ಲ ಅಂತಿದ್ರು. ನಾನೂ ಗಾಡೀಗೇ ಬೈದೆ." ಆಕೆ ಬದುಕಿರುವವರೆಗೂ ಆ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೇಳಿದವರಿಗೆಲ್ಲ ನಡುನೋವು ಎಂದರು.

ರೋಗದ ಹೆಸರು ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸರಿಗೆ ಮೂತ್ರಕೋಶದ ಕೆಳಗೆ ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗ್ರಂಥಿ ಇರುತ್ತದೆ, ಮೂತ್ರದ ನಾಳ ಅದರ ನಡುವೆ ಹಾದುಹೋಗುತ್ತದೆ. ಗ್ರಂಥಿ ಉಬ್ಬಿದರೆ ನಾಳ ಬಿಗಿಯುತ್ತದೆ, ಪೈಪಿನ ಮೇಲೆ ಕ್ಲಿಪ್ ಹೆಚ್ಚು ತಿರುವಿದ ಹಾಗೆ. ಹೆದರಿಸುವುದು ನನ್ನ ಉದ್ದೇಶವಲ್ಲ. ಪದೇ ಪದೇ ಹೋಗಬೇಕಾದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಬಹಳ ಜನರಿಗೆ ಅದು ವಯಸ್ಸಿಗೆ ಬರುವ ಬರೀ ಊತ, ಕೆಲವರಿಗೆ ಸಕ್ಕರೆ ಕಾಯಿಲೆ. ಇನ್ನು ಕೆಲವರಿಗೆ ಕ್ಯಾನ್ಸರ್ ಇದ್ದರೂ ಮೊದಮೊದಲು ಏನೂ ತೋರುವುದೇ ಇಲ್ಲ. ಬಾನೆಟ್ ಮುಚ್ಚಿಟ್ಟು ಯಾವುದು ಎಂದು ಹೇಳಲು ಬರುವುದಿಲ್ಲ, ಅಷ್ಟೇ. ನಿಮ್ಮ ಕಾಲದಲ್ಲೇ ಪಿಎಸ್‌ಎ ಎಂಬ ರಕ್ತಪರೀಕ್ಷೆ ಇದೆ. ಡಾಕ್ಟರು ಹಿಂದಿನಿಂದ ಒಂದು ಬೆರಳು ಹಾಕಿ ಗ್ರಂಥಿಯನ್ನು ಮುಟ್ಟಿ ನೋಡಿದರೆ ಅರ್ಧ ನಿಮಿಷ ನಾಚಿಕೆಯಾಗಬಹುದು. ಬೇಗ ಗೊತ್ತಾದವರಲ್ಲಿ ಹೆಚ್ಚಿನವರು ಮತ್ತೆ ಸ್ಟಿಯರಿಂಗ್ ಹಿಡಿದಿದ್ದಾರೆ.

ನಮ್ಮ ಕಾಲದ ಗಂಡಸರನ್ನು ನೋಡಿದರೆ ನಿಮಗೆ ಗಾಬರಿಯಾದೀತು. ಐವತ್ತು ತುಂಬಿದವನನ್ನು ನಾಲ್ಕು ಜನ ಗೆಳೆಯರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಡಾಕ್ಟರ ಹತ್ತಿರ ಮಾತಾಡಿ, ರಕ್ತ ಕೊಟ್ಟು ಬಂದ ಮೇಲೆ ಅವನ ಮನೆಯಲ್ಲಿ ಎಲ್ಲರಿಗೂ ಊಟ. ಇದಕ್ಕೆ ಐವತ್ತರ ಹೋಳಿಗೆ ಎನ್ನುತ್ತೇವೆ. ಅಪ್ಪನಿಗೋ ಅಣ್ಣನಿಗೋ ಆ ರೋಗ ಬಂದಿದ್ದರೆ ಹೋಳಿಗೆ ನಲವತ್ತೈದಕ್ಕೇ. ನಮ್ಮ ರಸ್ತೆಗಳ ಮೇಲೆ ಉದ್ದಕ್ಕೂ ಬಿಸಿಲು ಹಿಡಿಯುವ ಚಾವಣಿ ಇದೆ, ನೆರಳುದಾರಿ ಎಂದು ಅದರ ಹೆಸರು. ಎರಡು ಹರದಾರಿಗೊಂದು ನೀರಿರುವ ಪಾಯಿಖಾನೆ ಇದೆ. ಡ್ರೈವರಿಗೆ ನಿಲುಹಕ್ಕು ಎಂಬುದಿದೆ, ಅಂದರೆ ಕಾರಣ ಹೇಳದೆ ಗಾಡಿ ನಿಲ್ಲಿಸುವ ಹಕ್ಕು. 'ಚಾಲಕರು ಇಳಿದಿದ್ದಾರೆ' ಎಂದು ಫಲಕ ಹೊತ್ತಿಕೊಳ್ಳುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಶೆಡ್ಡಿನ ಗಂಡಸರಂತೂ ಬುತ್ತಿ ಬಿಚ್ಚಿ ಕೂತಾಗಲೂ ಯಾರಿಗೆ ಎಷ್ಟು ಸಲ, ಧಾರೆ ಹೇಗೆ ಎಂದು ಮಾತಾಡುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಒಮ್ಮೊಮ್ಮೆ ನಿಮ್ಮ ಕಾಲದ ನಾಚಿಕೆಯನ್ನು ಸ್ವಲ್ಪ ಕಡ ತರೋಣ ಅನಿಸುತ್ತದೆ. ಆದರೂ ಅವರು ಮಾತಾಡಲಿ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪುಟಕ್ಕೆ ಬರುತ್ತೇನೆ. ಮೂವತ್ತೆಂಟನೆಯ ಪುಟದಲ್ಲಿ ಫಕೀರಪ್ಪನವರ ಕೊನೆಯ ದೂರು ಇದೆ: 'ಸೀಟು ಸರಿ ಇಲ್ಲ, ನಡು ಬಹಳ ನೋಯುತ್ತದೆ.' ನೀವು ಸ್ಪ್ರಿಂಗ್ ಬದಲಿಸಿ, ಮೆತ್ತೆ ಹೊಸದಾಗಿ ತುಂಬಿಸಿ ಸಹಿ ಹಾಕಿದ್ದೀರಿ. ಆ ಹೊತ್ತಿಗೆ ರೋಗ ಬೆನ್ನುಮೂಳೆಗೆ ಇಳಿದಿತ್ತು. ಐವತ್ತೇಳಕ್ಕೆ ಹೋದರು, ಮೊಮ್ಮಗಳ ಮುಖ ನೋಡಲಿಲ್ಲ. ಈ ಓಲೆ ಇಪ್ಪತ್ತೇಳನೆಯ ಪುಟಕ್ಕೂ ಮೂವತ್ತೆಂಟನೆಯ ಪುಟಕ್ಕೂ ನಡುವೆ ಬಿದ್ದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಸೀಟು ಆಗಲೇ ರಿಪೇರಿಯಾಗಿದ್ದರೂ ಕೈಬಿಡಬೇಡಿ. ಆಗಲೂ ಮದ್ದಿದೆ, ನೋವು ಇಳಿಯುತ್ತದೆ, ಒಂದೆರಡು ವರ್ಷವಾದರೂ ಹೆಚ್ಚು ಸಿಗಬಹುದು. ಆ ಎರಡು ವರ್ಷದೊಳಗೆ ಅವರ ಮೊಮ್ಮಗಳು ಹುಟ್ಟುತ್ತಾಳೆ.

ಅವರಿಗೇ ಯಾಕೆ ಬರೆಯಲಿಲ್ಲ ಎಂದು ಕೇಳಬಹುದು. ಅವರು ಓದಿ, ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟುಕೊಂಡು, ಕ್ಯಾನು ಹಿಡಿದು ಇಳಿದು ಹೋಗುತ್ತಾರೆ. ಅವರು ನಿಮಗೆ ಮಾತ್ರ ಬರೆದು ತಿಳಿಸುತ್ತಿದ್ದರು, ಅದು ಸುಳ್ಳಾದರೂ ಸರಿ. ಆದ್ದರಿಂದ ಇನ್ನೊಮ್ಮೆ ಅವರು ರೇಡಿಯೇಟರ್ ಎಂದು ಬರೆದರೆ ಪಾನಾ ಕೆಳಗಿಡಿ. ಗೇಟಿನ ಹೊರಗೆ ಚಹಾಕ್ಕೆ ಕರೆದುಕೊಂಡು ಹೋಗಿ. ಅವರನ್ನು ಕೇಳುವ ಮೊದಲು ನಿಮ್ಮದು ಹೇಳಿ. ನಿಮಗೂ ಐವತ್ತೆರಡು ಆಗಿದೆಯಲ್ಲ, ನೀವೂ ಒಮ್ಮೆಯೂ ತೋರಿಸಿಕೊಂಡಿಲ್ಲ ಎಂದು ನನಗೆ ಅನುಮಾನ. ಇಬ್ಬರೂ ಒಟ್ಟಿಗೆ ರಜೆ ಹಾಕಿ ಹೋಗಿ ಬನ್ನಿ. ಬಂದ ಮೇಲೆ ಪುಸ್ತಕದಲ್ಲಿ ಗಾಡಿ ನಂಬರಿನ ಜಾಗದಲ್ಲಿ ಫಕೀರಪ್ಪ ಎಂದು ಬರೆದು, ಪಕ್ಕದಲ್ಲಿ 'ತೋರಿಸಲಾಗಿದೆ' ಎಂದು ಸಹಿ ಹಾಕಿ. ಅಷ್ಟು ಸಾಕು ನನಗೆ.

ಪುಸ್ತಕ ನನ್ನ ಮುಂದೆ ತೆರೆದೇ ಇದೆ. ಓಲೆ ಕಳಿಸಿದ ಮೇಲೆ ಹಳೆಯ ಕಾಗದದ ಮೇಲೆ ಶಾಯಿ ಬದಲಾಗುವುದುಂಟು ಎನ್ನುತ್ತಾರೆ, ನಾನು ಕಂಡಿಲ್ಲ. ಈಗ ಮೂವತ್ತೆಂಟನೆಯ ಪುಟದಲ್ಲಿ 'ಸೀಟು' ಎಂದೇ ಇದೆ. ನಾನು ನೋಡುತ್ತ ಕೂತಿದ್ದೇನೆ, ಮಿಸ್ತ್ರಿಯವರೇ.

ನಿಮ್ಮ,
ಗೌರಾ