ಬೊಂಬಾಯಿಯಲ್ಲಿ ಅಣ್ಣನನ್ನು ಹುಡುಕಿದ್ದು

ಶ್ರೀ ಮಲ್ಲೇಶ್ವರ ಪ್ರಸನ್ನ

ಮಧುಗಿರಿ,
೨೪ನೇ ಜುಲೈ ೧೯೪೦

ಮೊಂಬಾಸಾದಲ್ಲಿರುವ ನನ್ನ ಯಜಮಾನರಿಗೆ ಸರ್ವಮಂಗಳಾ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಚಳಿಜ್ವರ ಮತ್ತೆ ಬಂದಿಲ್ಲ ತಾನೆ? ಕ್ವಿನೈನ್ ಮಾತ್ರೆ ಕಹಿಯೆಂದು ಕಿಟಕಿಯಿಂದ ಎಸೆಯಬೇಡಿ. ಈಗ ಎಸೆದರೂ ಕೇಳುವವರಿಲ್ಲ ಎಂಬುದೇ ನನಗೆ ದೊಡ್ಡ ಚಿಂತೆ. ಇಟಲಿಯವರ ವಿಮಾನ ಬಂದೀತೆಂದು ನನ್ನನ್ನೂ ಪುಟ್ಟಿಯನ್ನೂ ಹಡಗು ಹತ್ತಿಸಿ, ರೈಲ್ವೆ ಕೆಲಸ ಬಿಟ್ಟು ಬರುವಂತಿಲ್ಲವೆಂದು ನೀವು ಅಲ್ಲೇ ಉಳಿದಿರಿ. ಚಾವಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಪತ್ರಿಕೆ ಓದಿದರೆ ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ನಾವು ಕ್ಷೇಮವೆಂದು ಅಣ್ಣ ಬೊಂಬಾಯಿಯಿಂದ ಕೊಟ್ಟ ತಂತಿ ನಿಮಗೆ ಸಿಕ್ಕಿರಬೇಕು. ಇಷ್ಟು ದಿನವಾದರೂ ನಿಮ್ಮಿಂದ ಒಂದು ಮಾತೂ ಇಲ್ಲ. ಯುದ್ಧಕಾಲದಲ್ಲಿ ಎಲ್ಲವೂ ತಡವೆಂದು ಪೋಸ್ಟ್ ಮಾಸ್ತರು ಸಮಾಧಾನ ಹೇಳುತ್ತಾರೆ. ಅದನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ.

ಪತ್ರಗಳನ್ನು ಸರ್ಕಾರದವರು ಒಡೆದು ನೋಡುತ್ತಾರಂತೆ, ಆದ್ದರಿಂದ ಹಡಗಿನ ಹೆಸರು ಬರೆಯುವುದಿಲ್ಲ. ದಾರಿಯುದ್ದಕ್ಕೂ ಮುಂಗಾರಿನ ಅಲೆ. ಕತ್ತಲಾದರೆ ಒಂದು ದೀಪವನ್ನೂ ಹಚ್ಚಗೊಡುತ್ತಿರಲಿಲ್ಲ. ಪುಟ್ಟಿ ವಾಂತಿ ಮಾಡಿ ಮಾಡಿ ಸೊರಗಿದಳು. ಹತ್ತುವಾಗ ನೀವು ಹೇಳಿದ್ದಿರಲ್ಲ, ‘ಬೊಂಬಾಯೀಲಿ ಎರಡು ದಿನ ಇದ್ದು ಗೇಟ್‌ವೇ, ವಾಲುಕೇಶ್ವರ ಎಲ್ಲ ನೋಡ್ಕೊಂಡು ಹೋಗಿ, ನಿಮ್ಮಣ್ಣ ನಾಗಲಿಂಗ ಹಡಗುಕಟ್ಟೆಗೆ ಬಂದಿರ್ತಾನೆ, ಅವನೇ ತೋರಿಸ್ತಾನೆ’ ಎಂದು. ಬೊಂಬಾಯಿಯಲ್ಲಿ ನಾನು ನೋಡಿದ್ದು ಏನೆಂದು ಕೇಳಿ. ಇಳಿದಾಗ ಜಡಿಮಳೆ. ಧಕ್ಕೆಯ ಮೇಲೆ ಅಣ್ಣನಿಲ್ಲ. ಒಬ್ಬೊಬ್ಬರನ್ನೂ ಅವರವರ ಮನೆಯವರು ಕರೆದುಕೊಂಡು ಹೋದರು. ಕೊನೆಗೆ ಟ್ರಂಕು, ಪುಟ್ಟಿ ಮತ್ತು ನಾನು ಉಳಿದೆವು. ಅಲ್ಲಿ ನಿಲ್ಲುವಂತಿಲ್ಲವೆಂದು ಪೊಲೀಸಿನವನು ನಮ್ಮನ್ನು ಬಾಗಿಲಾಚೆಗೆ ಕಳಿಸಿದ. ಅಣ್ಣ ಕಾಯಿಲೆ ಬಿದ್ದನೋ, ದಾರಿಯಲ್ಲಿ ಏನಾದರೂ ಆಯಿತೋ ಎಂದು ರಸ್ತೆಯನ್ನೇ ನೋಡುತ್ತ ನಿಂತೆ.

ಪುಟ್ಟಿ ‘ಅಮ್ಮಾ, ಹಸಿವು’ ಎಂದು ರಾಗ ತೆಗೆದಳು. ತಲೆಯ ಮೇಲೆ ಕಂಬಳಿ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಥಟ್ಟನೆ ನಿಂತು ಹಿಂದೆ ನೋಡಿದಳು. ‘ಯಾವೂರವ್ವ ನಿಮ್ದು?’ ಎಂದಳು. ಮಧುಗಿರಿ ಎಂದೆ. ‘ನಮ್ದು ಸಿರಾ ತಾವ ಕಣಮ್ಮ. ಈ ಮಳೇಲಿ ಮಗೀನ ಇಟ್ಕಂಡು ಯಾಕಿಂಗೆ ನಿಂತಿದ್ದೀರಿ? ಬನ್ನಿ ನಮ್ಮ ಗೂಡಿಗೆ.’ ಅವಳ ಹೆಸರು ಹೊನ್ನಕ್ಕ. ಗಂಡ ನರಸಪ್ಪ. ಊರಿನ ಕಂಬಳಿಗಳನ್ನು ತರಿಸಿ ಹಡಗುಕಟ್ಟೆಯ ಕೂಲಿಗಳಿಗೆ ಮಾರುತ್ತಾರೆ. ಆ ಮಳೆಗೆ ಕೂಲಿಗಳಿಗೂ ಕಂಬಳಿಯೇ ಬೇಕು. ಒಂದೇ ಕೋಣೆಯ ಮನೆ. ನಾನು ಲಿಂಗವಂತಳೆಂದು ತಿಳಿದು ಹೊನ್ನಕ್ಕ ಒಲೆ, ಹಿಟ್ಟು ಎಲ್ಲ ನನ್ನ ಮುಂದಿಟ್ಟು, ‘ನೀವೇ ಬೇಯ್ಸ್ಕಳಿ’ ಎಂದು ದೂರ ಕುಳಿತಳು. ಮೊದಲ ದಿನ ಹಾಗೇ ಮಾಡಿಕೊಂಡೆ. ಮರುದಿನ ನನಗೇ ನಾಚಿಕೆಯಾಗಿ ಅವಳು ಮಾಡಿದ ಮುದ್ದೆಯನ್ನೇ ಉಂಡೆ. ಇದನ್ನು ಅತ್ತೆಯವರಿಗೆ ಬರೆಯಬೇಡಿ.

ನರಸಪ್ಪ ನನ್ನನ್ನು ಧಕ್ಕೆಯ ಬಾಗಿಲಿಗೆ ಮತ್ತೆ ಮತ್ತೆ ಕರೆದುಕೊಂಡು ಹೋದ. ಅಣ್ಣನ ಸುಳಿವಿಲ್ಲ. ಶತ್ರುಗಳಿಗೆ ತಿಳಿದೀತೆಂದು ಈಗ ಹಡಗು ಬರುವ ದಿನವನ್ನಾಗಲಿ ಜಾಗವನ್ನಾಗಲಿ ಹೊರಗೆ ಹೇಳುವುದಿಲ್ಲವಂತೆ. ಇಂತಹ ಬಾಗಿಲುಗಳು ಎಷ್ಟಿವೆಯೋ, ಅಣ್ಣ ಯಾವುದರ ಮುಂದೆ ನಿಂತಿದ್ದಾನೋ ಯಾರಿಗೆ ಗೊತ್ತು? ಆಗ ನನಗೆ ಹೊಳೆಯಿತು. ಎಲ್ಲಿ ಕಾದರೂ ಊರಿಗೆ ಹೋಗಲು ಅವನು ರೈಲು ಹತ್ತಲೇಬೇಕು. ‘ಬೋರಿಬಂದರ್ ಸ್ಟೇಷನ್ನಿಗೆ ಕರ್ಕೊಂಡು ಹೋಗಪ್ಪ, ಅಲ್ಲೇ ಕೂತಿರ್ತೀನಿ’ ಎಂದೆ. ಹೊನ್ನಕ್ಕ ವ್ಯಾಪಾರ ಬಿಟ್ಟು ಜೊತೆಗೆ ಬಂದು ಕುಳಿತಳು. ಅರಮನೆಯಂತಹ ಆ ಸ್ಟೇಷನ್ನಿನ ಕಮಾನುಗಳನ್ನು ನೋಡಲು ಜನ ದೂರದಿಂದ ಬರುತ್ತಾರಂತೆ. ನಾನು ತಲೆಯೆತ್ತಲಿಲ್ಲ. ಹೋಗಿ ಬರುವವರ ಮುಖಗಳನ್ನೇ ನೋಡುತ್ತಿದ್ದೆ.

ಸಂಜೆಯ ಹೊತ್ತಿಗೆ ಅಣ್ಣ ಬಂದ. ಗಡ್ಡ ಬೆಳೆದು, ಒದ್ದೆ ಕೋಟಿನಲ್ಲಿ ನಡುಗುತ್ತಿದ್ದ. ನಮ್ಮ ಮುಂದೆಯೇ ಹಾದುಹೋದ. ಓಡಿಹೋಗಿ ತೋಳು ಹಿಡಿದೆ. ನನ್ನನ್ನು ನೋಡಿದವನು ಪುಟ್ಟಿಯ ಕೆನ್ನೆ ಮುಟ್ಟಿ ಮುಟ್ಟಿ ನೋಡಿದ. ‘ಮಂಗಳಾ, ಹಡಗು ಮುಳುಗೋಯ್ತು ಅಂದ್ರು ಕಣೆ. ಅಮ್ಮಂಗೆ ಹೆಂಗೆ ಹೇಳೋದು ಅಂತ ಟಿಕೆಟ್ ತಗೊಂಡು ನಿಂತಿದ್ದೆ’ ಎಂದು ನೆಲದ ಮೇಲೆ ಕುಳಿತುಬಿಟ್ಟ. ಅವನು ಬೇರೆ ಧಕ್ಕೆಯ ಮುಂದೆ ಕಾದಿದ್ದ. ಅಲ್ಲಿ ಹಬ್ಬಿದ ಗಾಳಿಮಾತನ್ನು ನಂಬಿದ್ದ. ನಮಗೂ ಟಿಕೆಟ್ ತಂದ. ರೈಲು ಕೂಗುತ್ತಿರುವಾಗ, ‘ಅವರಿಗೆ ತಂತಿ?’ ಎಂದು ಕೇಳಿದೆ. ‘ಕೊಟ್ಟಾಯ್ತು, ಹತ್ತು’ ಎಂದ. ಹೊನ್ನಕ್ಕ ಕಿಟಕಿಯಿಂದ ಪುಟ್ಟಿಗೆ ಒಂದು ಸಣ್ಣ ಕಂಬಳಿ ಕೊಟ್ಟಳು. ರೈಲಿನಲ್ಲೇ ಅಣ್ಣನಿಗೆ ಜ್ವರ ಏರಿತು. ಊರಿಗೆ ಬಂದ ಮೇಲೂ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಇವತ್ತು ಬೆವರಿ ಜ್ವರ ಬಿಟ್ಟಿದೆ. ಅಮ್ಮ ಗಂಜಿ ಕುಡಿಸುತ್ತಿದ್ದಾಳೆ.

ಪುಟ್ಟಿ ಗೆಲುವಾಗಿದ್ದಾಳೆ. ಬೆಟ್ಟದ ಬಂಡೆ ನೋಡಿ, ‘ಇದರ ಹಿಂದೆ ಅಪ್ಪನ ಸಮುದ್ರ ಇದೆಯಾ?’ ಎಂದು ಕೇಳುತ್ತಾಳೆ. ಅಪ್ಪ ಅಮ್ಮ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಲ್ಲೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮ
ಸರ್ವಮಂಗಳಾ

ಇನ್ನೊಂದು ಮಾತು. ಪತ್ರ ಮಡಿಸುತ್ತಿದ್ದೆ. ಅಣ್ಣ ಎದ್ದು ಕುಳಿತು, ‘ಭಾವನಿಗೆ ಎರಡನೇ ತಂತಿ ಕೊಟ್ರಾ?’ ಎಂದು ಕೇಳಿದ. ‘ಎರಡನೇದು ಯಾವುದು? ಮೊದಲನೇದರಲ್ಲಿ ಏನು ಬರೆದಿದ್ದೆ?’ ಎಂದೆ. ಗೋಡೆಯ ಕಡೆ ತಿರುಗಿಕೊಂಡ. ‘ಹಡಗು ಮುಳುಗಿದೆ, ಇಬ್ಬರ ಸುಳಿವೂ ಇಲ್ಲ ಅಂತ. ನೀವು ಸಿಗೋಕೆ ಮುಂಚೆ ಕೊಟ್ಟಿದ್ದು. ಪೂನಾದಲ್ಲಿ ಇನ್ನೊಂದು ಕೊಡೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಜ್ವರ ಏರಿಬಿಡ್ತು’ ಎಂದ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ತಂತಿ ಆಫೀಸಿಗೆ ಓಡಿದ್ದಾರೆ. ಇಷ್ಟು ದಿನ ನೀವು ಹೇಗಿದ್ದಿರೋ, ಏನು ಮಾಡಿಕೊಂಡಿರೋ. ತಂತಿಯನ್ನು ಯಾರು ಬೇಕಾದರೂ ಕೊಡಬಹುದು, ನೀವು ನಂಬದೆ ಹೋದೀರಿ. ಈ ಅಕ್ಷರ ನನ್ನದು, ನಿಮಗೆ ಗುರುತಿದೆ. ನಾನಿದ್ದೇನೆ. ಪುಟ್ಟಿ ಇದ್ದಾಳೆ, ನನ್ನ ತೊಡೆಯ ಮೇಲೆಯೇ ಕುಳಿತಿದ್ದಾಳೆ. ನೀವಿದ್ದೀರೆಂದು ಒಂದು ಮಾತು ತಂತಿ ಕೊಡಿ.